‘ನಿಮ್ಮದೇ ತಪ್ಪು’ ಯಂತ್ರ: ಬಳಕೆದಾರರ ಕೈಪಿಡಿ

ಈ ಯಂತ್ರವನ್ನು ಆರಿಸಿಕೊಂಡದ್ದಕ್ಕೆ ವಂದನೆಗಳು. ನಿಜ ಹೇಳಬೇಕೆಂದರೆ ನೀವೇನೂ ಆರಿಸಿಕೊಂಡಿಲ್ಲ. ಹೊಟ್ಟೆ ನಾಲ್ಕು ಬೆರಳು ಮುಂದೆ ಬಂದವರ ಮನೆಗೆಲ್ಲ ಇದು ತಾನಾಗಿಯೇ ಬಂದು ಕೂತಿರುತ್ತದೆ. ಕೈಪಿಡಿಗಳು ಹೀಗೆ ಶುರುವಾಗಬೇಕೆಂಬ ಪದ್ಧತಿಯಿದೆ, ಅದಕ್ಕೆ ಬರೆದೆವು. ಯಂತ್ರ ಚಾಲೂ ಇದೆಯೇ ಎಂದು ತಿಳಿಯಲು ಸ್ವಿಚ್ಚು ಹುಡುಕಬೇಕಾಗಿಲ್ಲ. ಮದುವೆ ಊಟದಲ್ಲಿ ಎರಡನೆಯ ಹೋಳಿಗೆ ಹಾಕಿಸಿಕೊಂಡಾಗ ಪಕ್ಕದ ಎಲೆಯವರು ನಿಮ್ಮ ಮುಖ ಬಿಟ್ಟು ಹೊಟ್ಟೆ ನೋಡಿದರೆ ಚಾಲೂ ಇದೆ. ಕಿವಿನೋವೆಂದು ಹೋದವರಿಗೆ ಡಾಕ್ಟರು ‘ಮೊದಲು ತೂಕ ಇಳಿಸಿ’ ಎಂದರೆ ಚೆನ್ನಾಗಿಯೇ ಚಾಲೂ ಇದೆ.

ಇದರ ಕೆಲಸ ಬಹಳ ಸರಳ. ಒಂದು ಬಾಯಿಗೆ ದಪ್ಪಗಿರುವ ಮನುಷ್ಯನನ್ನು ಹಾಕಿದರೆ ಇನ್ನೊಂದು ಬಾಯಿಂದ ಅಪರಾಧಿ ಹೊರಬರುತ್ತಾನೆ. ತೂಕ ಮಾತ್ರ ಅಷ್ಟೇ ಇರುತ್ತದೆ.

ಬಳಸುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ನೀತಿ ರೂಪಿಸುವವರು ಓದದಿದ್ದರೂ ನಡೆಯುತ್ತದೆ. ಅವರಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ.

ಪೆಟ್ಟಿಗೆಯೊಳಗೆ ಏನೇನಿದೆ

ತೂಕದ ಯಂತ್ರ ಒಂದು, ಅಳತೆ ಟೇಪು ಒಂದು, ಬಿಎಂಐ ಪಟ್ಟಿ ಒಂದು. ಮೊದಲೆರಡು ನಿಮಗೆ ಗೊತ್ತಿರುವಂಥವೇ. ಮೂರನೆಯದರ ಬಗ್ಗೆ ನಾಲ್ಕು ಮಾತು ಹೇಳಬೇಕು.

ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಬಿಎಂಐ. ಈ ಲೆಕ್ಕವನ್ನು 1832ರ ಸುಮಾರಿಗೆ ಕಂಡುಕೊಂಡವನು ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ. ಅವನು ವೈದ್ಯನಲ್ಲ, ನಕ್ಷತ್ರಗಳನ್ನೂ ಅಂಕಿಅಂಶಗಳನ್ನೂ ನೋಡಿಕೊಂಡಿದ್ದವನು. ಒಂದು ದೇಶದ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಎಂದು ಅವನಿಗೆ ಕುತೂಹಲವಿತ್ತೇ ಹೊರತು ನಿಮ್ಮ ಭಾವಮೈದ ಯಾಕೆ ದಪ್ಪಗಾದ ಎಂದಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಈಗಿನ ಹೆಸರಿಟ್ಟರು. ಅಂದಿನಿಂದ ಜನಸಮೂಹ ಅಳೆಯುವ ಕೋಲು ಒಬ್ಬೊಬ್ಬರ ಬೆನ್ನಿಗೆ ಬೀಳುತ್ತಿದೆ.

ಪಟ್ಟಿಯನ್ನು ಬಳಸಿ ನೋಡಿ. ನಿಮ್ಮ ಎತ್ತರ 160 ಸೆಂಟಿಮೀಟರ್, ತೂಕ 66 ಕಿಲೋ ಎಂದಿಟ್ಟುಕೊಳ್ಳೋಣ. ಸೂಚ್ಯಂಕ 25.8. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದರೆ ನೀವು ‘ಅಧಿಕ ತೂಕ’ದವರು. ಅದೇ ಸಂಜೆ ಭಾರತೀಯ ವೈದ್ಯರ 2009ರ ಒಮ್ಮತದ ಮಾರ್ಗಸೂಚಿ ನಂಬುವ ಡಾಕ್ಟರ ಬಳಿ ಹೋದರೆ ನೀವು ‘ಬೊಜ್ಜಿನ ರೋಗಿ’, ಯಾಕೆಂದರೆ ನಮ್ಮವರಿಗೆ ಅವರು 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು ಎಂದು ಗೆರೆ ಎಳೆದಿದ್ದಾರೆ. ಬೆಳಿಗ್ಗೆಯಿಂದ ಸಂಜೆಯೊಳಗೆ ನೀವು ಏನನ್ನೂ ತಿಂದಿರಬೇಕಾಗಿಲ್ಲ.

ಗೆರೆ ಕೆಳಗಿಳಿಸಿದ್ದಕ್ಕೆ ಕಾರಣವಿದೆ, ಅದನ್ನು ಗೇಲಿ ಮಾಡುವ ಹಾಗಿಲ್ಲ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೋ ಬಂತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐಯೂ 22.3, ಪಟ್ಟಿಯ ಪ್ರಕಾರ ಇಬ್ಬರೂ ಸಭ್ಯರು. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ನಮ್ಮ ಕೊಬ್ಬು ಹೊರಗೆ ಕಾಣಿಸಿಕೊಳ್ಳದೆ ಒಳಗೇ ಮನೆ ಮಾಡಿಕೊಂಡಿರುತ್ತದೆ. ಅದು ಯಾವಾಗಿನಿಂದ ಎಂದು ಹುಡುಕಿದರೆ ತಾಯಿಯ ಹೊಟ್ಟೆಯವರೆಗೆ ಹೋಗಬೇಕು. ಪುಣೆಯ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು 3.5. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಮ್ಮಿ, ಅಂಗಾಂಗ ಚಿಕ್ಕವು. ಚರ್ಮದ ಕೆಳಗಿನ ಕೊಬ್ಬು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿತ್ತು.

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳಿದ್ದವು. ಆ ಮಕ್ಕಳನ್ನು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ರಕ್ತ ಪರೀಕ್ಷೆ ಮಾಡಿದರು. ಹುಟ್ಟುವಾಗ ಗಿಡ್ಡಗೆ ಗುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತು. ಈ ಪುಸ್ತಕಗಳನ್ನು ಯಂತ್ರದ ಹತ್ತಿರ ತರಬೇಡಿ. ‘ತಪ್ಪು ಯಾರದು’ ಎಂಬ ಮುಳ್ಳು ಹುಟ್ಟಿದ ದಿನಕ್ಕಿಂತ ಹಿಂದಕ್ಕೆ ತಿರುಗಿದರೆ ಯಂತ್ರ ಕೆಟ್ಟು ನಿಲ್ಲುತ್ತದೆ.

ಅಳವಡಿಸುವುದು

ಯಂತ್ರವನ್ನು ಸಮತಟ್ಟಾದ ನೆಲದ ಮೇಲೆ ಮಾತ್ರ ಇಡಬೇಕು. ಸಮತಟ್ಟಾದ ನೆಲ ಸಿಗದಿದ್ದರೆ ಇದೆ ಎಂದು ಅಂದುಕೊಳ್ಳಿ. ನಮ್ಮ ತಂತ್ರಜ್ಞರೂ ಹಾಗೇ ಮಾಡುತ್ತಾರೆ.

ಎಂದರೆ, ಎಲ್ಲರ ಮುಂದೆಯೂ ಒಂದೇ ತಟ್ಟೆಯಿದೆ, ಎಲ್ಲರ ಕೈಯಲ್ಲೂ ಒಂದೇ ಗಡಿಯಾರವಿದೆ ಎಂದು ತಿಳಿಯಬೇಕು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೂ ಎದುರಿನ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯವರಿಗೂ ‘ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ’ ಎಂಬ ಒಂದೇ ಸೂಚನೆ. ಹದಿನಾಲ್ಕನೇ ಮಹಡಿಯವರು ಕೆಳಗಿಳಿದರೆ ನಡೆಯುವ ದಾರಿ ಕಾಂಪೌಂಡಿನೊಳಗೇ ಇದೆ. ಈಕೆ ನಡೆಯಬೇಕಾದ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ನಿಲ್ಲಿಸಿದ ಬೈಕು, ಅದು ದಾಟಿದರೆ ಎತ್ತಿಟ್ಟ ಚಪ್ಪಡಿ. ಅಷ್ಟು ದೂರ ಹೋಗುವ ಮಾತೇ ಬೇಡ, ಹೊತ್ತೆಲ್ಲಿದೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ಗಂಡಸರು ಮುಂಜಾನೆ ಪಾರ್ಕಿನಲ್ಲಿ ನಗುವ ಕ್ಲಬ್ಬು ನಡೆಸಲು ಹೊತ್ತು ಎಲ್ಲಿಂದ ಬಂತು ಎಂಬುದಕ್ಕೆ ಈ ಕಳೆಯುವ ಲೆಕ್ಕದಲ್ಲಿ ಉತ್ತರವಿದೆ.

ತಿಂಡಿಯ ವಿಷಯವೂ ಅಷ್ಟೇ. ಮಧ್ಯಾಹ್ನದ ಊಟಕ್ಕೂ ಶಿಫ್ಟ್ ಮುಗಿಯುವುದಕ್ಕೂ ನಡುವೆ ಹಸಿವಾದರೆ ಹತ್ತಿರದ ಗೂಡಂಗಡಿಯಲ್ಲಿ ಐದು ರೂಪಾಯಿಗೆ ಸಿಗುವುದು ಬಿಸ್ಕತ್ತು. ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಮಿಗೆ ಸುಮಾರು 450 ಕ್ಯಾಲರಿ. ಐದು ರೂಪಾಯಿಗೆ ಸೇಬಿನ ಒಂದು ಹೋಳನ್ನೂ ಯಾರೂ ಕೊಯ್ದು ಕೊಡುವುದಿಲ್ಲ. ಕೈಯಲ್ಲಿ ಐದೇ ರೂಪಾಯಿ ಇರುವವರು ಲೆಕ್ಕ ತಪ್ಪಿ ಬಿಸ್ಕತ್ತು ತಿನ್ನುತ್ತಿಲ್ಲ. ರೂಪಾಯಿಗೆ ಹೆಚ್ಚು ಕ್ಯಾಲರಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುವುದು ಶುದ್ಧ ಅರ್ಥಶಾಸ್ತ್ರ. ಹದಿನಾಲ್ಕನೇ ಮಹಡಿಯವರು ಷೇರುಪೇಟೆಯಲ್ಲಿ ಮಾಡುವುದೂ ಇದನ್ನೇ, ಅಲ್ಲಿ ಅದಕ್ಕೆ ಜಾಣತನ ಎಂದು ಹೆಸರು.

ಯಂತ್ರ ಅಲುಗಾಡಿದರೆ ಕೆಳಗೆ ಒಂದು ಗಾದೆಯನ್ನು ಮಡಚಿ ಇಡಿ. ‘ಮನಸ್ಸಿದ್ದರೆ ಮಾರ್ಗ’ ಸರಿಯಾಗಿ ಕೂರುತ್ತದೆ.

ನಡೆಸುವ ವಿಧಾನ

ಮೊದಲು ಕರೆ ಕೊಡಬೇಕು. 2025ರ ಫೆಬ್ರುವರಿ 23ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಬಳಸಿ ಎಂದರು. ಮರುದಿನ ಹತ್ತು ಮಂದಿ ಗಣ್ಯರ ಹೆಸರು ಹೇಳಿ, ಅವರೊಬ್ಬೊಬ್ಬರೂ ಮತ್ತೆ ಹತ್ತು ಮಂದಿಗೆ ಈ ಸವಾಲು ದಾಟಿಸಲಿ ಎಂದರು. ನಮ್ಮವರಾದ ಸುಧಾ ಮೂರ್ತಿ, ನಂದನ್ ನಿಲೇಕಣಿ ಇಬ್ಬರೂ ಆ ಪಟ್ಟಿಯಲ್ಲಿದ್ದರು. ಕರೆ ತಪ್ಪಲ್ಲ. ನಾವು ತಲಾ ವರ್ಷಕ್ಕೆ 19 ಕಿಲೋ ಮೀರಿ ಎಣ್ಣೆ ಬಳಸುತ್ತಿದ್ದೇವೆ, ಪೌಷ್ಟಿಕ ತಜ್ಞರು ಹೇಳುವುದು 12 ಕಿಲೋ. ಕರಿದ ಎಣ್ಣೆಯಲ್ಲೇ ಮತ್ತೆ ಕರಿಯುವ ಅಭ್ಯಾಸವನ್ನು ಯಾರಾದರೂ ಗದರಿಸಲೇಬೇಕಿತ್ತು.

ಆದರೆ ಕರೆ ಕೊಟ್ಟ ಮೂರು ತಿಂಗಳಿಗೆ, ಮೇ 30ರಂದು, ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಲಾಯಿತು. ಅದಕ್ಕೂ ಕಾರಣಗಳಿದ್ದವು: ಎಣ್ಣೆ ಬೆಲೆ ಏರಿತ್ತು, ಬಡವರ ಒಗ್ಗರಣೆ ದುಬಾರಿಯಾಗಿತ್ತು, ಇಲ್ಲಿಯ ಸಂಸ್ಕರಣಾ ಘಟಕಗಳಿಗೆ ಕೆಲಸ ಬೇಕಿತ್ತು. ತಾಳೆ ಬೆಳೆಸಲು 2021ರಲ್ಲೇ 11,040 ಕೋಟಿ ರೂಪಾಯಿಯ ಯೋಜನೆಯೂ ಬಂದಿತ್ತು. ಗಮನಿಸಿ, ಎಣ್ಣೆ ಬೆಲೆ ಏರಿಸುವುದು ನ್ಯಾಯ ಎಂದು ಈ ಕೈಪಿಡಿ ವಾದಿಸುತ್ತಿಲ್ಲ. ಏರಿಸಿದರೆ ಮೊದಲು ಏಟು ಬೀಳುವುದು ಯಾರ ಬಾಣಲೆಗೆ ಎಂದು ಗೊತ್ತಿದೆ. ಯಂತ್ರದ ಗುಣ ಏನೆಂದರೆ, ಎಣ್ಣೆಯ ಡಬ್ಬ ಅಗ್ಗವಾಗುವಾಗ ಅದು ನೀತಿ, ಡಬ್ಬದಿಂದ ಚಮಚಕ್ಕೆ ಸುರಿಯುವಾಗ ಅದು ನಿಮ್ಮ ನಡತೆ.

ಎರಡನೆಯದು ಫಲಕ. 2025ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಕಚೇರಿಗಳಲ್ಲಿ ಎಣ್ಣೆ–ಸಕ್ಕರೆಯ ಮಾಹಿತಿ ಫಲಕ ಹಾಕಿಸಿ ಎಂದು ಪತ್ರ ಬರೆಯಿತು. ಸುದ್ದಿಮನೆಗಳು ಅದನ್ನು ಸಮೋಸ–ಜಿಲೇಬಿಗೆ ಸಿಗರೇಟಿನಂಥ ಎಚ್ಚರಿಕೆ ಎಂದು ಓದಿದವು. ಜುಲೈ ಮಧ್ಯದಲ್ಲಿ ಸರ್ಕಾರ, ಇಲ್ಲ ಇಲ್ಲ, ಬೀದಿ ವ್ಯಾಪಾರಿಗಳ ತಿಂಡಿಗೆ ಎಚ್ಚರಿಕೆ ಪಟ್ಟಿ ಅಂಟಿಸಲು ಹೇಳಿಲ್ಲ ಎಂದು ಸ್ಪಷ್ಟನೆ ಕೊಡಬೇಕಾಯಿತು. ಸಮೋಸಕ್ಕೆ ಅದರ ಮೇಲ್ಮೈಯೇ ಎಚ್ಚರಿಕೆ. ಕಾಗದದ ಮೇಲಿಟ್ಟರೆ ಎಣ್ಣೆಯೆಷ್ಟು ಎಂದು ಕಾಗದವೇ ಹೇಳುತ್ತದೆ. ಒಳಗೇನಿದೆ ಎಂದು ಹೇಳಬೇಕಾದದ್ದು ಮಿಂಚುವ ಪೊಟ್ಟಣ, ಮತ್ತು ಅದು ಹಿಂಬದಿಯಲ್ಲಿ, ಮಡಿಕೆಯ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಹೇಳುತ್ತಿದೆ.

ಪೊಟ್ಟಣದ ಮುಂಬದಿಗೆ ಏನು ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಸೆಪ್ಟೆಂಬರ್‌ನಲ್ಲಿ ಒಂದು ಕರಡು ತಂದಿತು. ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗೆ, ಹೋಟೆಲುಗಳಿಗೆ ಕೊಟ್ಟಂತೆ. ಎಷ್ಟೇ ಕೆಟ್ಟ ಚಿಪ್ಸಿಗೂ ಅರ್ಧ ನಕ್ಷತ್ರವಾದರೂ ಗ್ಯಾರಂಟಿ. 14,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ತೀರ್ಮಾನಕ್ಕೆ ಬನ್ನಿ ಎಂದಿತು. ಮೂರು ತಿಂಗಳಾದ ಮೇಲೆ ಇನ್ನೂ ಮೂರು ತಿಂಗಳು ಕೇಳಿ ಪಡೆದರು. ಚಿಲಿ ದೇಶದಲ್ಲಿ 2016ರಿಂದಲೇ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆಯಿದೆ, ಮಕ್ಕಳನ್ನು ಕರೆಯುವ ಕಾರ್ಟೂನ್ ಪ್ರಾಣಿಗಳು ಅಂಥ ಡಬ್ಬದಿಂದ ಕೆಳಗಿಳಿದು ಹೋಗಿವೆ. ಅಕ್ಷರ ಬಾರದ ಅಜ್ಜಿಗೂ ಕಪ್ಪು ಮುದ್ರೆ ಓದಲು ಬರುತ್ತದೆ. ನಮ್ಮ ಯಂತ್ರಕ್ಕೆ ಅಂಥ ಮುದ್ರೆ ಒಗ್ಗುವುದಿಲ್ಲ; ಗೊತ್ತಿದ್ದೂ ತಿಂದ ಎಂದು ಆಪಾದಿಸಲು ಗೊತ್ತಿರಬೇಕು ನಿಜ, ಆದರೆ ಅಷ್ಟೊಂದು ಗೊತ್ತಿರಬಾರದು.

ಮೂರನೆಯದು ತೆರಿಗೆ. 2025ರ ಜನವರಿ ಕೊನೆಯಲ್ಲಿ ಮಂಡಿಸಿದ ಆರ್ಥಿಕ ಸಮೀಕ್ಷೆ, ಅತಿ ಸಂಸ್ಕರಿತ ತಿನಿಸುಗಳಿಗೆ ಹೆಚ್ಚು ತೆರಿಗೆ ಹಾಕುವುದನ್ನು ಯೋಚಿಸಬೇಕು ಎಂದಿತ್ತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕಲೇಟು, ಐಸ್‌ಕ್ರೀಮುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಖಾರದ ಪೊಟ್ಟಣ, ನೂಡಲ್ಸು 12ರಿಂದ 5ಕ್ಕೆ. ಚೀಲಕ್ಕೆ ತುಂಬಿ ಹೆಸರು ಹಚ್ಚಿದ ತೊಗರಿಬೇಳೆಗೂ ಶೇ 5. ಈಗ ಬೇಳೆಯೂ ಕ್ರೀಮ್ ಬಿಸ್ಕತ್ತೂ ತೆರಿಗೆಯ ಕಣ್ಣಿನಲ್ಲಿ ಒಡಹುಟ್ಟಿದವು. ಮೈಸೂರು ಪಾಕಿಗೂ ಅದೇ ಐದು, ಅದರ ಬಗ್ಗೆ ನಾವು ಏನೂ ಹೇಳುವುದಿಲ್ಲ. ಕೆಲವು ವಿಷಯಗಳಲ್ಲಿ ಕೈಪಿಡಿಗೂ ಪಕ್ಷಪಾತವಿದೆ. ಜಿಮ್ಮಿಗೆ ಹೋಗುವವರ ತೆರಿಗೆಯೂ 18ರಿಂದ 5ಕ್ಕೆ ಬಂತು. ತಿನ್ನುವುದೂ ಅಗ್ಗ, ತಿಂದದ್ದನ್ನು ಕರಗಿಸುವುದೂ ಅಗ್ಗ. ನಡುವೆ ತೂಕ ಹೆಚ್ಚಿದರೆ ಯಾರ ತಪ್ಪೆಂದು ಯಂತ್ರವನ್ನೇ ಕೇಳಿ.

ಸೋಡಾ, ಕೋಲಾಗಳಿಗೆ ಮಾತ್ರ ಶೇ 40. ಕೇಳಲು ಗಟ್ಟಿ ಹೆಜ್ಜೆ, ಆದರೆ ಅದಕ್ಕೆ ಮುಂಚೆ 28ಕ್ಕೆ 12 ಸೆಸ್ ಸೇರಿ ಅಷ್ಟೇ ಇತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಸಕ್ಕರೆ ತುಂಬಿದ ಬಾಟಲಿಗೂ ಸಕ್ಕರೆಯಿಲ್ಲದ ‘ಡಯಟ್’ ಬಾಟಲಿಗೂ ಅದೇ 40. ಸಕ್ಕರೆ ಕಮ್ಮಿ ಮಾಡಿದ ಕಂಪನಿಗೆ ಒಂದು ಪೈಸೆಯ ಲಾಭವಿಲ್ಲ. ಹಾಗಿದ್ದ ಮೇಲೆ ಯಾಕೆ ಕಮ್ಮಿ ಮಾಡುತ್ತಾರೆ?

ವ್ಯಾಯಾಮದ ಗುಂಡಿ

ತಿನ್ನುವುದರ ಬಗ್ಗೆ ಜಾಸ್ತಿ ಪ್ರಶ್ನೆ ಬಂದರೆ ಈ ಗುಂಡಿ ಒತ್ತಿ. ಚರ್ಚೆ ತಾನಾಗಿಯೇ ಓಡಾಟದ ಕಡೆಗೆ ಹೊರಳುತ್ತದೆ. ಗುಂಡಿಯ ದೊಡ್ಡ ಮಾದರಿಯೊಂದು ಅಮೆರಿಕದಲ್ಲಿತ್ತು: ಬೊಜ್ಜಿಗೆ ತಿನ್ನುವುದಕ್ಕಿಂತ ಮೈ ಬಗ್ಗಿಸದಿರುವುದೇ ಕಾರಣ ಎಂಬಂತೆ ಮಾತಾಡುತ್ತಿದ್ದ ವಿಜ್ಞಾನಿಗಳ ಒಂದು ಕೂಟ. ಅದಕ್ಕೆ ಹಣ ಕೊಟ್ಟದ್ದು ಕೋಕಾಕೋಲಾ ಎಂದು 2015ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಡಿಸೆಂಬರ್‌ಗೆ ಕೂಟ ಬಾಗಿಲು ಹಾಕಿತು. ಗುಂಡಿ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ತೆಳ್ಳಗಿರುವವರ ಮೇಲೆ ಬಳಸುವುದು

ಈ ಯಂತ್ರ ದಪ್ಪಗಿರುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಕರ್ನಾಟಕದಲ್ಲೇ ಒಂದು ಪ್ರಯೋಗ ನಡೆದಿದೆ.

2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ ಮೂವತ್ತು ಹೆಂಗಸರು, ಗಂಡಸರೂ ಹೆಚ್ಚುಕಡಿಮೆ ಅಷ್ಟೇ, ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎರಡೂ ಒಂದೇ ರಾಜ್ಯ, ಹಲವು ಸಲ ಒಂದೇ ಮನೆ. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದರು. ಮಕ್ಕಳು ಸಾಲಿನಲ್ಲಿ ನಿಂತು ತಿಂದರು. ಮಠಗಳಿಂದ ವಿರೋಧ ಬಂತು, ಅದು ನಿರೀಕ್ಷಿತವೇ.

ನಿರೀಕ್ಷಿಸದೇ ಇದ್ದದ್ದು 2022ರಲ್ಲಿ ಬಂತು. ರಾಷ್ಟ್ರೀಯ ಶಿಕ್ಷಣ ನೀತಿಗೆಂದು ರಾಜ್ಯದ ತಜ್ಞರ ಸಮಿತಿಯೊಂದು ಸಿದ್ಧಪಡಿಸಿದ ನಿಲುವು ಪತ್ರದಲ್ಲಿ, ಬಿಸಿಯೂಟದಲ್ಲಿ ಮೊಟ್ಟೆ, ಸುವಾಸಿತ ಹಾಲು, ಬಿಸ್ಕತ್ತು ಕೂಡದು, ಅವುಗಳ ಕ್ಯಾಲರಿ ಮತ್ತು ಕೊಬ್ಬಿನಿಂದ ಬೊಜ್ಜು, ಹಾರ್ಮೋನಿನ ಏರುಪೇರು ಉಂಟಾಗುತ್ತವೆ ಎಂಬ ಸಲಹೆಯಿತ್ತು. ಓದುಗರು ಇನ್ನೊಮ್ಮೆ ಓದಿಕೊಳ್ಳಬೇಕು. ಯಾದಗಿರಿಯ ಶಾಲೆಯೊಂದರಲ್ಲಿ ತಟ್ಟೆ ಹಿಡಿದು ನಿಂತ, ಪಕ್ಕೆಲುಬು ಎಣಿಸಬಹುದಾದ ಮಗು. ಅದರ ಕೈಗೆ ಬರಲಿರುವ ಸುಮಾರು ಆರು ಗ್ರಾಂ ಪ್ರೋಟೀನಿನ ಒಂದು ಮೊಟ್ಟೆ. ನಡುವೆ ಅಡ್ಡ ಬಂದ ಬೊಜ್ಜಿನ ಭಯ. ಮೊಟ್ಟೆಯನ್ನೂ ಬಿಸ್ಕತ್ತನ್ನೂ ಒಂದೇ ಉಸಿರಿನಲ್ಲಿ ಬೈದದ್ದರಿಂದ ಅದು ವಿಜ್ಞಾನದ ಹಾಗೆ ಕೇಳಿಸಿತು. ಜಾತಿಯ ಅಡುಗೆಮನೆಯಿಂದ ಹೊರಟ ಆಕ್ಷೇಪಕ್ಕೆ ಬಿಳಿ ಕೋಟು ತೊಡಿಸಿದ್ದರು ಎಂಬುದು ನನ್ನ ತೀರ್ಮಾನ. ಕೈಪಿಡಿಯ ತಯಾರಕರು ಇದಕ್ಕೆ ಹೊಣೆಯಲ್ಲ.

ಸಲಹೆ ಜಾರಿಗೆ ಬರಲಿಲ್ಲ. ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಕೊಡುವಂತಾಯಿತು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ. ಆದರೂ ಪ್ರಯೋಗ ವ್ಯರ್ಥವಲ್ಲ. ಹಸಿದವರಿಗೂ ಕೊಬ್ಬಿನ ಭಯ ಮಾರಬಹುದು ಎಂದು ಅದು ತೋರಿಸಿಕೊಟ್ಟಿತು.

ಹಿಂಬದಿಯ ತಿರುಪು

ಯಂತ್ರದ ಹಿಂದೆ ಅರಗು ಮುದ್ರೆ ಹಾಕಿದ ಒಂದು ತಿರುಪು ಇದೆ. ಅದನ್ನು ಸಡಿಲಿಸಿದರೆ ಯಂತ್ರದ ಬಾಯಿ ತಿನ್ನುವವರ ಕಡೆಯಿಂದ ತಯಾರಿಸುವವರ ಕಡೆಗೆ ತಿರುಗುತ್ತದೆ. ಮುಟ್ಟಬೇಡಿ. ಬೇರೆ ದೇಶಗಳವರು ಮುಟ್ಟಿದ್ದಾರೆ, ಏನಾಯಿತೆಂದು ತಿಳಿದಿರಲಿ.

ಬ್ರಿಟನ್ 2016ರ ಮಾರ್ಚ್‌ನಲ್ಲಿ ತಂಪು ಪಾನೀಯಗಳ ಮೇಲೆ ಸುಂಕ ಪ್ರಕಟಿಸಿತು, ಜಾರಿ 2018ರ ಏಪ್ರಿಲ್‌ನಿಂದ ಎಂದಿತು. 100 ಮಿಲಿಲೀಟರಿಗೆ 5 ಗ್ರಾಮಿಗಿಂತ ಕಡಿಮೆ ಸಕ್ಕರೆಯಿದ್ದರೆ ಏನೂ ಇಲ್ಲ, ಅಲ್ಲಿಂದ ಮೇಲೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಎಂಬುದು ಆಗಿನ ದರ. ನಡುವಿನ ಎರಡು ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ತಯಾರಕರು ಬಾಟಲಿಯ ಸಕ್ಕರೆಯನ್ನೇ ಇಳಿಸಿಬಿಟ್ಟರು. ಕುಡಿಯುವವರಿಗೆ ಯಾರೂ ಉಪದೇಶ ಮಾಡಲಿಲ್ಲ, ಯಾರ ಮನೋಬಲವನ್ನೂ ಪರೀಕ್ಷಿಸಲಿಲ್ಲ. ಮೊನ್ನೆ ಕುಡಿದಿದ್ದ ಬಾಟಲಿಯನ್ನೇ ಇಂದೂ ಕುಡಿದು, ಅರಿವಿಲ್ಲದೆ ಕಮ್ಮಿ ಸಕ್ಕರೆ ತಿಂದರು. ನೈತಿಕತೆಯ ದೃಷ್ಟಿಯಿಂದ ಇದು ಬಹಳ ನಿರಾಶಾದಾಯಕ ಘಟನೆ.

ಜಪಾನು 2008ರಲ್ಲಿ 40ರಿಂದ 74 ವರ್ಷದವರ ಸೊಂಟ ಅಳೆಯಲು ಶುರುಮಾಡಿತು. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ದಪ್ಪಗಾದರೆ ಜಪಾನಿನಲ್ಲಿ ದಂಡ ಎಂದು ನಮ್ಮಲ್ಲಿ ಸುದ್ದಿಯಾಯಿತು. ದಂಡ ಇದ್ದದ್ದು ಗುರಿ ಮುಟ್ಟದ ವಿಮೆ ಸಂಸ್ಥೆಗಳಿಗೆ, ಮಾಲೀಕರಿಗೆ, ಸೊಂಟದವರಿಗಲ್ಲ. ಒಪ್ಪುತ್ತೇನೆ, ಆಫೀಸಿನಲ್ಲಿ ಟೇಪು ಹಿಡಿದು ಬರುವ ವ್ಯವಸ್ಥೆ ನನಗೂ ಇಷ್ಟವಿಲ್ಲ.

ತಿರುಪು ತಿರುಗಿಸಿದವರೆಲ್ಲ ಗೆದ್ದರು ಎಂದೂ ಅಲ್ಲ. ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಸಂತೃಪ್ತ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಜನ ಗಡಿ ದಾಟಿ ಜರ್ಮನಿಯಲ್ಲಿ ಬೆಣ್ಣೆ ಕೊಂಡರು. 2013 ಹುಟ್ಟುವ ಹೊತ್ತಿಗೆ ತೆರಿಗೆ ಸತ್ತಿತ್ತು. ನಮ್ಮ ನೆರೆಯ ಕೇರಳ 2016ರ ಬಜೆಟ್ಟಿನಲ್ಲಿ ಥಾಮಸ್ ಐಸಾಕ್ ಅವರ ಕೈಯಿಂದ ಬರ್ಗರ್, ಪಿಜ್ಜಾಗಳಿಗೆ ಶೇ 14.5 ಹಾಕಿಸಿತು, ಅದೂ ಬ್ರ್ಯಾಂಡ್ ಹೋಟೆಲುಗಳಿಗೆ ಮಾತ್ರ. ಪರೋಟ, ಬೀಫ್ ಫ್ರೈ, ಬಾಳೆಕಾಯಿ ಚಿಪ್ಸು ನಿರ್ದೋಷಿಗಳಾಗಿ ಬಿಡುಗಡೆಯಾದವು. ಮರುವರ್ಷ ಜಿಎಸ್‌ಟಿ ಬಂದು ಆ ತೆರಿಗೆಯನ್ನೂ ನುಂಗಿತು. ಮೆಕ್ಸಿಕೊ 2014ರಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ಹಾಕಿತು. ಮೊದಲ ವರ್ಷ ಮಾರಾಟ ಸುಮಾರು ಶೇ 6 ಇಳಿಯಿತು, ಬಡವರಲ್ಲಿ ಅದಕ್ಕಿಂತ ಹೆಚ್ಚು.

ಕೊನೆಯ ಸಂಗತಿಯನ್ನು ಎರಡು ರೀತಿ ಓದಬಹುದು. ಬಡವರು ಹೆಚ್ಚು ಬಿಟ್ಟರು, ಆದ್ದರಿಂದ ಆರೋಗ್ಯದ ಲಾಭವೂ ಅವರಿಗೇ ಹೆಚ್ಚು. ಅಥವಾ, ಬಡವರ ಬಾಯಿಂದ ಮಾತ್ರ ಸಿಹಿ ಕಿತ್ತುಕೊಂಡಿರಿ, ಉಳ್ಳವರು ಪೆಸೊ ಕೊಟ್ಟು ಕುಡಿದರು. ನನಗೆ ಎರಡನೆಯ ವಾದ ಪೂರ್ತಿ ಸುಳ್ಳೆನಿಸುವುದಿಲ್ಲ. ಆ ತೆರಿಗೆಯ ದುಡ್ಡು ಶಾಲೆಯಲ್ಲಿ ಕುಡಿಯುವ ನೀರಿನ ನಲ್ಲಿಯಾಗಿ ವಾಪಸು ಬಂದರೆ ನ್ಯಾಯ, ಖಜಾನೆಯ ತೂತಿಗೆ ತೇಪೆಯಾದರೆ ಅದು ಬಡವರ ಮೇಲಿನ ಇನ್ನೊಂದು ತೆರಿಗೆ.

ಪದೇ ಪದೇ ಕೇಳುವ ಪ್ರಶ್ನೆಗಳು

‘ಅವರು ತಿಂದು ಕಾಯಿಲೆ ತಂದುಕೊಂಡರೆ ನನ್ನ ತೆರಿಗೆ ದುಡ್ಡು ಯಾಕೆ ಖರ್ಚಾಗಬೇಕು?’

ಇದು ವಿಲಾಯತಿ ಬಿಡಿಭಾಗ. ಎಲ್ಲರ ಚಿಕಿತ್ಸೆಯೂ ತೆರಿಗೆಯಿಂದಲೇ ನಡೆಯುವ ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ಒಂದು ಬುಡವಾದರೂ ಇದೆ. ನಮ್ಮಲ್ಲಿ 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ನೇರವಾಗಿ ಜನರ ಜೇಬಿನಿಂದಲೇ ಹೋಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಗೆ ತಿಂಗಳು ತಿಂಗಳೂ ಮೆಡಿಕಲ್ ಶಾಪಿನಲ್ಲಿ ಸಾಲು ನಿಲ್ಲುವವರು ಬಹುಪಾಲು ತಮ್ಮ ದುಡ್ಡನ್ನೇ ಎಣಿಸುತ್ತಿರುತ್ತಾರೆ. ನಿಮ್ಮ ತೆರಿಗೆ ಅಲ್ಲಿಗೆ ತಲುಪಿದ್ದರೆ ಸಂತೋಷವಾಗುತ್ತಿತ್ತು.

‘ಹಾಗಾದರೆ ತಿನ್ನುವವರದು ಏನೂ ತಪ್ಪಿಲ್ಲವೇ?’

ಇದೆ. ಜವಾಬ್ದಾರಿ ಎಂಬುದು ಸುಳ್ಳಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಬಿರಿಯಾನಿ ತರಿಸಿಕೊಂಡು, ಜೊತೆಗೆ ಕೋಲಾ ಉಚಿತವೆಂದು ಅದನ್ನೂ ಕುಡಿದು ಮಲಗುವ, ಫ್ರಿಜ್ಜಿನಲ್ಲಿ ಸೌತೆಕಾಯಿ ಇರುವ ಮನುಷ್ಯನ ಮೇಲೆ ಯಂತ್ರವನ್ನು ಬಳಸಬಹುದು. ಅವನೇ ಬಳಸಿಕೊಂಡರೆ ಇನ್ನೂ ಒಳ್ಳೆಯದು. ತನ್ನ ಕೈಯಲ್ಲೇ ಇದ್ದಾಗ ಈ ಯಂತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಎಷ್ಟೋ ಜನ ಅದರಿಂದಲೇ ಕಾಫಿಯ ಎರಡನೇ ಚಮಚ ಸಕ್ಕರೆ ಬಿಟ್ಟಿದ್ದಾರೆ. ನನ್ನ ತಕರಾರು ಇಷ್ಟೇ. ಆಯ್ಕೆ ಯಾರ ಕೈಯಲ್ಲಿ ಹೆಚ್ಚಿದೆಯೋ ಅವರಿಗೆ ಹೊಣೆಯೂ ಹೆಚ್ಚಿರಬೇಕು ಎಂದರೆ ಪಟ್ಟಿಯ ತುದಿಯಲ್ಲಿ ಯಾರಿರಬೇಕು? ಬಿಸ್ಕತ್ತಿನಲ್ಲಿ ಎಷ್ಟು ಸಕ್ಕರೆ ಹಾಕಬೇಕೆಂದು ತೀರ್ಮಾನಿಸುವವರು, ಅದಕ್ಕೆಷ್ಟು ತೆರಿಗೆ ಎಂದು ಬರೆಯುವವರು, ಫುಟ್‌ಪಾತಿನ ಗುತ್ತಿಗೆ ಕೊಡುವವರು. ನಮ್ಮ ಯಂತ್ರದ ಪಟ್ಟಿಯಲ್ಲಿ ಅವರ ಕಾಲಮ್ಮೇ ಇಲ್ಲ.

‘ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ?’

ತಿನ್ನುವುದಿಲ್ಲ. ನಾಚಿಕೆಯಿಂದ ಓಡುತ್ತದೆ.

ಹೆಚ್ಚುವರಿ ಬಿಡಿಭಾಗ: ಸೂಜಿ

2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಪೇಟೆಗೆ ಬಂದವು. ವಾರಕ್ಕೊಂದು ಚುಚ್ಚುಮದ್ದು. ಮೌಂಜಾರೊದ ಅತಿ ಸಣ್ಣ ಡೋಸಿನ ಒಂದು ಸೀಸೆಗೆ ಬಂದ ಹೊಸದರಲ್ಲಿ 3,500 ರೂಪಾಯಿ, ತಿಂಗಳಿಗೆ ಹದಿನಾಲ್ಕು ಸಾವಿರ. ಕರುಳು ಸುರಿಸುವ ಹಾರ್ಮೋನನ್ನು ಅನುಕರಿಸಿ ಇವು ಹಸಿವನ್ನು ಅಡಗಿಸುತ್ತವೆ. ತಟ್ಟೆ ಮುಂದಿದ್ದರೂ ಕೈ ಹೋಗುವುದಿಲ್ಲ ಎನ್ನುತ್ತಾರೆ ತೆಗೆದುಕೊಂಡವರು.

ಈ ಸೂಜಿಯನ್ನು ಯಂತ್ರದಿಂದ ದೂರ ಇಡಿ. ಜನ್ಮವಿಡೀ ಸಂಯಮವಿಲ್ಲದವನೆಂದು ಬೈಸಿಕೊಂಡ ಮನುಷ್ಯನಿಗೆ ಸೋಮವಾರ ಒಂದು ಚುಚ್ಚಿದರೆ ಮಂಗಳವಾರ ಸಂಯಮ ಬರುತ್ತದೆ ಎಂದಾದರೆ, ಜನ್ಮವಿಡೀ ತೆಳ್ಳಗಿದ್ದು ಸಂಯಮಿ ಎಂದು ಹೊಗಳಿಸಿಕೊಂಡವನ ಹೊಗಳಿಕೆಯಲ್ಲಿ ಅವನ ಕರುಳಿನ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ತೆಳ್ಳಗಿರುವ ಗ್ರಾಹಕರು ನಮಗೆ ಮುಖ್ಯ. ಸೂಜಿಯ ದುಡ್ಡು ಕೊಡಲಾಗದವರಿಗೆ ಎಂದಿನಂತೆ ಮನೋಬಲ ಉಚಿತವಾಗಿ ದೊರೆಯುತ್ತದೆ.

ವಾರಂಟಿ

ತೂಕ ಇಳಿಸುವ ಚಿಕಿತ್ಸೆಯ ಖರ್ಚನ್ನು ಆರೋಗ್ಯ ವಿಮೆ ಕೊಡುವುದಿಲ್ಲ. ವಿಮಾ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಪ್ಪಿಸಿರುವ ಮಾದರಿ ನಿಯಮಗಳ ಆರನೇ ಹೊರಗಿಡುವಿಕೆಯಲ್ಲಿ ಇದು ಸ್ಪಷ್ಟವಾಗಿದೆ. ಆದರೆ ನಿಯಮಕ್ಕೆ ಹೃದಯವಿಲ್ಲವೆಂದಲ್ಲ. ಹದಿನೆಂಟು ತುಂಬಿರಬೇಕು, ಡಾಕ್ಟರು ಬರೆದುಕೊಟ್ಟಿರಬೇಕು, ಬಿಎಂಐ 40 ಮುಟ್ಟಿರಬೇಕು. ಅಥವಾ 35 ಮುಟ್ಟಿದ್ದು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ಗಂಭೀರ ತೊಂದರೆಯೊಂದು ಜೊತೆಗಿದ್ದು, ಬೇರೆ ದಾರಿಗಳೆಲ್ಲ ಸೋತಿರಬೇಕು. ಆಗ ಆಪರೇಷನ್ನಿಗೆ ವಿಮೆ ಸಿಗುತ್ತದೆ. ಅಲ್ಲಿಯವರೆಗೆ ಜವಾಬ್ದಾರಿ ನಿಮ್ಮದು, ಅಲ್ಲಿಂದಾಚೆಗೆ ಸಮಾಜದ್ದು.

ಗ್ರಾಹಕರ ಅನುಕೂಲಕ್ಕೆ ಲೆಕ್ಕ ಹಾಕಿ ಕೊಟ್ಟಿದ್ದೇವೆ. ಎತ್ತರ 160 ಸೆಂಟಿಮೀಟರ್ ಇದ್ದು ತೂಕ 102 ಕಿಲೋ ಇದ್ದರೆ ಸೂಚ್ಯಂಕ 39.8. ಬೇರೆ ಕಾಯಿಲೆಯೇನೂ ಇಲ್ಲದಿದ್ದರೆ ಅರ್ಜಿ ತಿರಸ್ಕೃತ. 102 ಕಿಲೋ 500 ಗ್ರಾಂ ಇದ್ದರೆ 40.04, ಅರ್ಜಿ ಪರಿಶೀಲನೆಗೆ ಅರ್ಹ. ಅರ್ಧ ಕಿಲೋ ಕಮ್ಮಿ ಬಿದ್ದವರು ಬೇಸರ ಪಡಬೇಡಿ; ಮೂಲ ದಾಖಲೆಗಳನ್ನು ಕೌಂಟರಿನಲ್ಲೇ ಬಿಟ್ಟು, ಊಟ ಮುಗಿಸಿಕೊಂಡು ಬಂದು ಮತ್ತೊಮ್ಮೆ ತೂಕ ಮಾಡಿಸಿಕೊಳ್ಳಬಹುದು.